ತಾನಾಗಿಯೇ ‘ಹೌದು’ ಎನ್ನುತ್ತಿದ್ದ ಪ್ರೋಗ್ರಾಂ

ಕೋವಿಡ್ ಅಲೆಗಳು ಇಳಿದ ಮರುವರ್ಷ ನಾನು ಮುಂಬಯಿ ಪಕ್ಕದ ಠಾಣೆ ಪಟ್ಟಣದ ವರ್ತಕ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳ ನೋಂದಣಿ ವಿಭಾಗದ ಮೇಲ್ವಿಚಾರಕಿಯಾಗಿದ್ದೆ. ನಿವೃತ್ತಿಗೆ ಇನ್ನು ಮೂರು ವರ್ಷವಿತ್ತು. ಓದಿದ್ದು ಬಿ.ಕಾಂ. ಪ್ರೋಗ್ರಾಮಿಂಗನ್ನು ನನಗೆ ಯಾರೂ ಕಲಿಸಿರಲಿಲ್ಲ. ಡೊಂಬಿವಲಿಯ ಮನೆಯಲ್ಲಿ, ಮಗಳು ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ, ಭಾನುವಾರಗಳಂದು ಎಡವುತ್ತ ಎಡವುತ್ತ ಕಲಿತದ್ದು.

ದೊಡ್ಡದೇನನ್ನೂ ಮಾಡುವ ಆಸೆ ನನಗಿರಲಿಲ್ಲ. ಸಣ್ಣ ಸಣ್ಣ ಕಿರಿಕಿರಿಗಳನ್ನು ತೆಗೆಯುವುದೇ ಖುಷಿ. ಪ್ರಿಂಟರ್ ಪ್ರತಿ ಸಲ ಕಾಗದದ ಅಳತೆ ಕೇಳುತ್ತಿತ್ತು, ಅದನ್ನು ನಿಲ್ಲಿಸಿದೆ. ಜನ್ಮದಿನಾಂಕದಲ್ಲಿ ತಿಂಗಳು ಮೊದಲು ಬರುತ್ತಿತ್ತು, ತಿರುಗಿಸಿದೆ. ಕೌಂಟರಿನ ಹುಡುಗಿಯರು “ಸುಮತಿ ಮೇಡಂ ಹೈ ನಾ!”, ಮೇಡಂ ಇದ್ದಾರಲ್ಲ, ಎನ್ನುವಾಗ, ಸುಳ್ಳು ಹೇಳಬಾರದು, ನನಗೆ ಹೆಮ್ಮೆಯಾಗುತ್ತಿತ್ತು.

ಅವರಿಗೆ ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುತ್ತಿದ್ದುದು ಒಂದು ಪ್ರಶ್ನೆ. ಹೆಸರು ಟೈಪ್ ಮಾಡಿದ ಕೂಡಲೇ ಪರದೆಯ ನಡುವೆ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತಿತ್ತು: ‘ಈ ಹೆಸರಿನ ರೋಗಿ ಈಗಾಗಲೇ ಇದ್ದಾರೆ. ಅದೇ ಫೈಲ್ ತೆರೆಯಬೇಕೇ?’ ಬರುವವರಲ್ಲಿ ಬಹುಪಾಲು ಹಳೆಯ ರೋಗಿಗಳೇ. ದಿನವಿಡೀ ಅದೇ ‘ಹೌದು’ ಒತ್ತಬೇಕು. ಸೋಮವಾರ ಬೆಳಿಗ್ಗೆ ಸಾಲು ಲಿಫ್ಟಿನವರೆಗೂ ಹೋಗುತ್ತಿತ್ತು. ಸಾಫ್ಟ್‌ವೇರ್ ಕಂಪನಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಕೊನೆಗೆ ನಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಹೆಸರು, ಲಿಂಗ, ಜನ್ಮದಿನಾಂಕ ಈ ಮೂರೂ ಹೊಂದಿಕೆಯಾದರೆ ಅದು ತಾನಾಗಿಯೇ ‘ಹೌದು’ ಎನ್ನುತ್ತಿತ್ತು. ಹಳೆಯ ಫೈಲ್ ವಿಳಾಸ, ಫೋನ್ ನಂಬರಿನ ಸಮೇತ ತುಂಬಿಕೊಂಡು ಬರುತ್ತಿತ್ತು. ಮತ್ತೆ ಕೇಳುವ ಕೆಲಸವೇ ಇಲ್ಲ. ಮೂರೂ ಹೊಂದಿದ ಮೇಲೆ ಬೇರೆಯವರಾಗಲು ಹೇಗೆ ಸಾಧ್ಯ ಎಂದುಕೊಂಡಿದ್ದೆ.

ಸುಮಾರು ಎಂಟು ತಿಂಗಳ ನಂತರ ಒಂದು ಮಧ್ಯಾಹ್ನ ಘಣಸೋಲಿಯಿಂದ ಗಂಡ ಹೆಂಡತಿ ಬಂದರು. ರಾಯಚೂರಿನ ಕಡೆಯವರು. ಗಂಡ ದೇವಪ್ಪ ಮಹಾಪೆಯ ಒಂದು ಗೋದಾಮಿನಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದ. ಹೆಂಡತಿ ಈರಮ್ಮ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಎಡಗೈ ಊದಿಕೊಂಡಿತ್ತು. ಇಬ್ಬರಿಗೂ ಹಿಂದಿ ಅಷ್ಟಕ್ಕಷ್ಟೆ. ಕನ್ನಡ ಕಿವಿಗೆ ಬಿದ್ದುದರಿಂದ ನಾನೇ ಎದ್ದುಹೋಗಿ ವಿಚಾರಿಸಿದೆ.

“ಐದು ತಿಂಗಳ ಹಿಂದ ಎದಿಗಂಟಿಗೆ ಸೂಜಿ ಹಾಕಿ ನೋಡಿದ್ರಿ ಅಕ್ಕಾರ” ಎಂದಳು ಈರಮ್ಮ. “ಏನಾರ ಇದ್ರ ನಾವಾ ಫೋನ್ ಮಾಡ್ತೀವಿ ಅಂದಿದ್ರು. ಫೋನ್ ಬರ್ಲಿಲ್ಲ. ಬರ್ಲಿಲ್ಲಂದ್ರ ಚೊಲೊ ಐತಿ ಅಂತ ತಿಳ್ಕೊಂಡ್ವಿ.”

ಫೈಲ್ ತೆರೆದೆ. ಸೂಜಿಪರೀಕ್ಷೆಯ ವರದಿ ಅಲ್ಲೇ ಇತ್ತು. ಕ್ಯಾನ್ಸರ್. ಕೆಳಗೆ ಲ್ಯಾಬಿನವರ ಟಿಪ್ಪಣಿ: ‘ಮೂರು ಸಲ ಕರೆ ಮಾಡಲಾಗಿದೆ. ಫೋನ್ ಬಂದ್.’ ವಿಳಾಸ ಮಾತ್ರ ಘಣಸೋಲಿಯದ್ದಲ್ಲ, ಕಲ್ಯಾಣದ್ದು. ಅದು ಇನ್ನೊಬ್ಬ ಈರಮ್ಮನ ಫೈಲ್, ಫೋನ್ ನಂಬರೂ ಅವಳದೇ. ಹಿಂದಿನ ವರ್ಷ ಜ್ವರಕ್ಕೆ ಬಂದು, ಆಮೇಲೆ ವಿಜಯಪುರದ ತನ್ನ ಹಳ್ಳಿಗೆ ಮರಳಿದ್ದ ಹೆಂಗಸು. ಇಬ್ಬರಿಗೂ ಅಡ್ಡಹೆಸರಿರಲಿಲ್ಲ, ಆ ಜಾಗದಲ್ಲಿ ಚುಕ್ಕಿ ಹಾಕಿದ್ದರು. ಇಬ್ಬರಿಗೂ ಹುಟ್ಟಿದ ದಿನ ಗೊತ್ತಿರಲಿಲ್ಲ. ಇಬ್ಬರ ಅಂದಾಜಿನ ವಯಸ್ಸೂ ಒಂದೇ. ಅಂಥವರಿಗೆ ಅಂದಾಜಿನ ವಯಸ್ಸು ಹಿಡಿದು ಜನವರಿ ಒಂದು ಎಂದು ಬರೆಯುವುದು ನಮ್ಮಲ್ಲಿ ರೂಢಿ. ಆ ರೂಢಿ ನನಗೆ ಗೊತ್ತಿತ್ತು. ಕೋಡ್ ಬರೆಯುವಾಗ ನೆನಪಾಗಲಿಲ್ಲ, ಅಷ್ಟೆ.

ನನ್ನ ಪ್ರೋಗ್ರಾಂ ತಾನು ಒತ್ತಿದ ಪ್ರತಿಯೊಂದು ‘ಹೌದ’ನ್ನೂ ಒಂದು ಕಡತದಲ್ಲಿ ಬರೆದಿಡುತ್ತಿತ್ತು. ಆ ದಿನದ ಸಾಲನ್ನು ಹುಡುಕಿದೆ. ಇತ್ತು. ಆ ಕ್ಷಣವೇ ಪ್ರೋಗ್ರಾಮನ್ನು ನಿಲ್ಲಿಸಿದೆ.

ಈರಮ್ಮನನ್ನು ಆಗಲೇ ಡಾಕ್ಟರ ಬಳಿ ಕಳಿಸಿ, ನಾನು ವೈದ್ಯಕೀಯ ಅಧೀಕ್ಷಕರ ಕೋಣೆಗೆ ಹೋದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ವರದಿ ಬರೆಯಲು ಒಂದು ಕಾಗದವನ್ನು ನನ್ನ ಕಡೆ ಸರಿಸಿದರು. “ಮೇಡಂ, ಸಿಸ್ಟಂ ಎರರ್ ಲಿಖ್ ದೀಜಿಯೇ. ಆಪ್‌ಕೀ ಸರ್ವಿಸ್ ಕಾ ಸವಾಲ್ ಹೈ” ಎಂದರು. ತಪ್ಪು ಯಂತ್ರದ್ದೆಂದು ಬರೆದುಕೊಡಿ, ಇದು ನಿಮ್ಮ ನೌಕರಿಯ ಪ್ರಶ್ನೆ ಎಂದರ್ಥ. ಕೆಟ್ಟ ಮನುಷ್ಯರಲ್ಲ, ನನ್ನನ್ನು ಉಳಿಸಲು ಹೊರಟಿದ್ದರು. ನಿಜ ಹೇಳಬೇಕೆಂದರೆ, ಉಳಿಯಬೇಕೆಂದು ನನಗೂ ಅನಿಸಿತು. ಎರಡು ದಿನ ಆ ಕಾಗದ ನನ್ನ ಮೇಜಿನ ಮೇಲೆ ಖಾಲಿಯಾಗಿ ಬಿದ್ದಿತ್ತು. ಮೂರನೆಯ ದಿನ ಇದ್ದುದನ್ನು ಇದ್ದಂತೆ ಬರೆದುಕೊಟ್ಟು, ಈರಮ್ಮನನ್ನು ಸೇರಿಸಿಕೊಂಡಿದ್ದ ಮಹಿಳಾ ವಾರ್ಡಿಗೆ ಹೋದೆ.

ಈರಮ್ಮ ಮಂಚದ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಪಕ್ಕದ ಸ್ಟೂಲಿನಲ್ಲಿ ಕೂತು ಎಲ್ಲ ಹೇಳಿದೆ. ಅವಳು ಬಾಚಣಿಗೆ ಕೆಳಗಿಟ್ಟಳು.

“ನೀವು ಒತ್ತಿಲ್ಲಲ್ರಿ. ಮಿಷಿನ್ ತಾನಾ ಒತ್ತೇತಿ ಅಂತೀರಲ್ಲ?”

“ಒತ್ತಲಿಕ್ಕೆ ಅದಕ್ಕೆ ಕಲಿಸಿದ್ದು ನಾನೇ, ಈರಮ್ಮ.”

ಅವಳು ನನ್ನ ಮುಖ ನೋಡಿದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಕಾಲು ಗಂಟೆ ಕೂತಿದ್ದು ಎದ್ದು ಬಂದೆ.

ಚಿಕಿತ್ಸೆಯನ್ನು ಆಸ್ಪತ್ರೆಯೇ ವಹಿಸಿಕೊಂಡಿತು. ನನ್ನನ್ನು ಮೇಲ್ವಿಚಾರಕಿಯ ಸ್ಥಾನದಿಂದ ಇಳಿಸಿ ದಾಖಲೆ ಕೋಣೆಗೆ ಹಾಕಿದರು. ಅದು ನ್ಯಾಯವೇ. ಅಲ್ಲಿ ಮೊದಲು ಮಾಡಿದ ಕೆಲಸವೆಂದರೆ ಆ ಕಡತವನ್ನು ಮುದ್ರಿಸಿಕೊಂಡು ಒಂದೊಂದೇ ‘ಹೌದ’ನ್ನು ಪರಿಶೀಲಿಸಿದ್ದು. ಒಬ್ಬೊಬ್ಬರಿಗೂ ಫೋನ್ ಮಾಡಿ, ಇದು ನೀವೇನಾ, ಈ ವಿಳಾಸ ನಿಮ್ಮದೇನಾ ಎಂದು ಕೇಳಿದೆ. ಮೂರು ವಾರ ಹಿಡಿಯಿತು. ಇನ್ನೂ ಎರಡು ಫೈಲುಗಳು ಬೆರೆತಿದ್ದವು. ದೇವರ ದಯೆ, ಅವುಗಳಿಂದ ಯಾರಿಗೂ ಕೇಡಾಗಿರಲಿಲ್ಲ. ವಿಜಯಪುರದ ಈರಮ್ಮನ ಸುದ್ದಿಯೂ, ಕಲ್ಯಾಣದ ಆ ವಿಳಾಸದಲ್ಲಿದ್ದ ಅವಳ ತಮ್ಮನಿಂದ ಸಿಕ್ಕಿತು.

ನಮ್ಮ ಈರಮ್ಮ ಹನ್ನೊಂದು ತಿಂಗಳು ಬದುಕಿದಳು. ಮೊದಮೊದಲು ನಾನು ವಾರ್ಡಿಗೆ ಹೋದರೆ ಮುಖ ತಿರುಗಿಸುತ್ತಿದ್ದಳು. ಕೊನೆಯ ದಿನಗಳಲ್ಲಿ ನರ್ಸಿಗೆ ಏನಾದರೂ ಹೇಳಬೇಕಾದಾಗ ನನ್ನನ್ನು ಕರೆಸುತ್ತಿದ್ದಳು. “ಅಕ್ಕಾರ, ಬೆನ್ನು ಉರೀತದ ಅಂತ ಹೇಳ್ರಿ.” ಅವಳು ನನ್ನೊಂದಿಗೆ ಆಡಿದ್ದು ಅಂಥ ಮಾತುಗಳನ್ನೇ. ಕ್ಷಮಿಸಿದ್ದೇನೆ ಎನ್ನಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ತಿಂಗಳ ಮೇಲೆ ದೇವಪ್ಪ ಕಾಗದಪತ್ರ ಒಯ್ಯಲು ದಾಖಲೆ ಕೋಣೆಗೆ ಬಂದ. ಸಹಿ ಹಾಕಿ ನಿಂತೇ ಇದ್ದ.

“ಮೊದ್ಲಾ ಗೊತ್ತಾಗಿದ್ರ ಉಳೀತಿದ್ಲೇನ್ರಿ?”

“ಉಳಿಯುವ ಸಾಧ್ಯತೆ ಜಾಸ್ತಿ ಇತ್ತಂತೆ, ದೇವಪ್ಪ. ಡಾಕ್ಟರು ಹೇಳಿದ್ರು.”

ಅವನು ತಲೆಯಾಡಿಸಿ ಕಾಗದಗಳನ್ನು ಅಂಗಿಯೊಳಗೆ ಇಟ್ಟುಕೊಂಡ. ಬಾಗಿಲ ತನಕ ಹೋದವನು ನಿಂತು, “ಆ ಇನ್ನೊಬ್ಬಾಕಿ... ಈರಮ್ಮ... ಆಕಿ ಹೆಂಗದಾಳ್ರಿ?” ಎಂದ.

“ಚೆನ್ನಾಗಿದ್ದಾಳೆ.”

“ಇರ್ಲಿ ಬಿಡ್ರಿ” ಎಂದು ಹೊರಟುಹೋದ.

ಈಗ ನಿವೃತ್ತಳಾಗಿದ್ದೇನೆ. ಪ್ರೋಗ್ರಾಂ ಬರೆಯುವುದನ್ನು ಬಿಟ್ಟಿಲ್ಲ. ಬಿಟ್ಟರೆ ಪಶ್ಚಾತ್ತಾಪವೂ ಒಂದು ಬಗೆಯ ತೋರಿಕೆಯಾದೀತು. ಆದರೆ ಯಾರಾದರೂ “ಆಂಟೀ, ಈ ಪ್ರಶ್ನೆ ಸುಮ್ನೆ ತಲೆ ತಿನ್ನುತ್ತೆ, ತೆಗೆದುಹಾಕಿ” ಎಂದರೆ ನಾನು ಕೂಡಲೇ ಕೀಬೋರ್ಡಿಗೆ ಕೈ ಹಾಕುವುದಿಲ್ಲ. ಆ ಪ್ರಶ್ನೆಯಿಂದ ಬೇಸರವಾಗುವುದು ಕೌಂಟರಿನ ಒಳಗೆ ಕೂತ ನಮಗೆ. ಅದನ್ನು ಕೇಳದೆ ಹೋದರೆ ಕಷ್ಟ ಅನುಭವಿಸುವವರು ಹೊರಗೆ ನಿಂತವರು, ಮತ್ತು ಅವರಿಗೆ ಅಂಥದೊಂದು ಪ್ರಶ್ನೆ ಇತ್ತೆಂಬುದೂ ಗೊತ್ತಿರುವುದಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಕಲಿತ ಪಾಠ ಇದೊಂದೇ. ಕಲಿತದ್ದು ನಾನು, ಬೆಲೆ ತೆತ್ತವಳು ಈರಮ್ಮ.