ನೀರು ಹಣ್ಣಾಗಲು ಮೂರು ವಾರ

ಇಪ್ಪತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದ ಆ ಮೆಕ್ಯಾನಿಕ್‌ಗೆ ಕಾಯುವುದೊಂದು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರು ಒಳಗಿನಿಂದ ಬಾಗಿಲು ಬಡಿಯುತ್ತಿರುವಾಗ ತಾಳ್ಮೆ ಕಲಿಯಲು ಯಾರಿಗೆ ಪುರುಸೊತ್ತು? ಮನೆಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. ತೊಟ್ಟಿಕ್ಕುವ ನಲ್ಲಿ, ಜೋತುಬಿದ್ದ ಕದ, ಸದ್ದು ಮಾಡುವ ಫ್ಯಾನು, ಏನು ಕಂಡರೂ ಸ್ಕ್ರೂಡ್ರೈವರ್ ಹೊರಬರುತ್ತಿತ್ತು.

ಐವತ್ತೆರಡಕ್ಕೆ ಬಿಪಿ ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ದಿನಾ ಅರ್ಧ ಗಂಟೆ ಸುಮ್ನೆ ಕೂತ್ಕೊಳ್ಳಿ. ಬೇಕಾದ್ರೆ ಮೀನು ಸಾಕಿ. ನೋಡ್ತಾ ಕೂತ್ರೆ ಮನಸ್ಸು ತಣ್ಣಗಾಗುತ್ತೆ" ಎಂದರು. ಡಾಕ್ಟರು ತಾವು ಎಂದೂ ಮೀನು ಸಾಕಿರಲಿಲ್ಲ ಎಂಬುದು ಬಹಳ ದಿನಗಳ ಮೇಲೆ ಗೊತ್ತಾಯಿತು.

ಮೀನಿನ ಅಂಗಡಿಯವನು ನೂರು ಲೀಟರಿನ ಗಾಜಿನ ತೊಟ್ಟಿ, ಫಿಲ್ಟರ್, ಒಂದು ಚೀಲ ಕಲ್ಲು ಕೊಟ್ಟ. ಮೀನು ಕೊಡಲಿಲ್ಲ.

"ಮೊದ್ಲು ನೀರು ತುಂಬಿ ಫಿಲ್ಟರ್ ಓಡಿಸಿ ಸಾರ್. ಮೂರು ವಾರ ಬಿಟ್ಟು ಬನ್ನಿ."

"ಮೂರು ವಾರ ಏನು ಮಾಡೋದು?"

"ಏನೂ ಮಾಡ್ಬೇಡಿ. ನೀರು ಹಣ್ಣಾಗ್ಬೇಕು."

ನೀರು ಹಣ್ಣಾಗುವುದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬೇರೊಂದು ಅಂಗಡಿಗೆ ಹೋಗಿ ಅದೇ ಸಂಜೆ ಹನ್ನೆರಡು ಗಪ್ಪಿ ಮೀನು ತಂದ.

ತೊಟ್ಟಿಯನ್ನು ಹಳೆಯ ಟಿವಿ ಸ್ಟ್ಯಾಂಡಿನ ಮೇಲೆ ಇಟ್ಟ. 'ಆರು ಜನ, ನಾಲ್ಕು ನೂರ ಎಂಟು ಕಿಲೋ' ಎಂಬ ಫಲಕವನ್ನು ಊರಿನ ಅರ್ಧ ಲಿಫ್ಟುಗಳಿಗೆ ಹೊಡೆದವನು ಅವನೇ. ಆದರೂ ನೂರು ಲೀಟರ್ ನೀರು ಎಂದರೆ ನೂರು ಕಿಲೋ, ಗಾಜು ಕಲ್ಲು ಬೇರೆ ಎಂಬ ಲೆಕ್ಕ ತಲೆಗೆ ಹೊಳೆಯಲಿಲ್ಲ. ಎರಡನೆಯ ದಿನ ಹಲಗೆ ಬಾಗಿತು, ಗಾಜಿನ ಮೂಲೆಯ ಅಂಟು ಬಿಟ್ಟಿತು, ನೀರು ಸೋಫಾದ ಕೆಳಗೆ ಹರಿದು ಚಪ್ಪಲಿಗಳನ್ನು ತೇಲಿಸಿತು.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ" ಎಂದಳು ಹೆಂಡತಿ, ನೆಲ ಒರೆಸುತ್ತಾ. "ರೀ, ಕಾಲು ಎತ್ತಿ."

ಮೀನುಗಳನ್ನು ಬಕೆಟ್ಟಿನಲ್ಲಿಟ್ಟು, ಮೂಲೆಗೆ ಹೊಸ ಅಂಟು ಹಾಕಿಸಿ, ಕಬ್ಬಿಣದ ಸ್ಟ್ಯಾಂಡ್ ವೆಲ್ಡ್ ಮಾಡಿಸಿ ತಂದ. ಆ ಸ್ಟ್ಯಾಂಡಿನ ಮೇಲೆ ಆನೆಯನ್ನು ನಿಲ್ಲಿಸಬಹುದಿತ್ತು. ಮೀನಿಗೆ ಮಾತ್ರ ಗ್ರಹಚಾರ ಬಿಟ್ಟಿರಲಿಲ್ಲ. ಹೆಂಡತಿ ಬೆಳಗ್ಗೆ ಆಹಾರ ಹಾಕಿ ಕೆಲಸಕ್ಕೆ ಹೋಗುತ್ತಿದ್ದಳು. ಅದು ತಿಳಿಯದೆ ಅವನೂ ಹಾಕುತ್ತಿದ್ದ. ಮಧ್ಯಾಹ್ನ ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಾಯಿ ತೆರೆದು ಮೇಲೆ ಬರುವ ಮೀನುಗಳನ್ನು ಕಂಡು, ಪಾಪ, ಹಸಿದಿವೆ ಎಂದು ಇನ್ನೊಂದು ಹಿಡಿ ಹಾಕುತ್ತಿದ್ದರು. ಮತ್ತೆ ತೊಟ್ಟಿ ತುಂಬಿದ ನಾಲ್ಕನೆಯ ದಿನ ನೀರು ಗಂಜಿಯ ಬಣ್ಣಕ್ಕೆ ತಿರುಗಿತು.

ಕೆಟ್ಟದ್ದು ಕಂಡ ಮೇಲೆ ಕೇಳಬೇಕೇ? ಭಾನುವಾರ ಬೆಳಗ್ಗೆ ಮೆಕ್ಯಾನಿಕ್ ಅಂಗಿಯ ತೋಳು ಮಡಚಿದ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರನ್ನೆಲ್ಲ ಚೆಲ್ಲಿ, ಕಲ್ಲು, ಗಾಜು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ಪಾತ್ರೆ ತೊಳೆಯುವ ಸೋಪು ಹಾಕಿ ಉಜ್ಜಿದ. ನಲ್ಲಿಯಿಂದ ನೇರವಾಗಿ ಹೊಸ ನೀರು ತುಂಬಿ ಮೀನು ಬಿಟ್ಟ. ತೊಟ್ಟಿ ಕನ್ನಡಿಯಂತೆ ಹೊಳೆಯಿತು. ಅಕ್ಕಪಕ್ಕದವರನ್ನು ಕರೆದು ತೋರಿಸಿದ. ಸಂಜೆಯ ಹೊತ್ತಿಗೆ ಐದು ಮೀನು ತೇಲಿದವು, ಸೋಮವಾರ ನಾಲ್ಕು, ಮಂಗಳವಾರ ಮಿಕ್ಕ ಮೂರು.

ಲಿಫ್ಟಿನಲ್ಲಿ ಸಿಕ್ಕಿಕೊಂಡ ಒಬ್ಬರೂ ಇಪ್ಪತ್ತೆಂಟು ವರ್ಷದಲ್ಲಿ ಅವನ ಕೈಯಲ್ಲಿ ಸತ್ತಿರಲಿಲ್ಲ. ಇಲ್ಲಿ ಮೂರೇ ದಿನಕ್ಕೆ ಹನ್ನೆರಡು. ಅವನ್ನು ಪೇಪರಿನಲ್ಲಿ ಸುತ್ತಿ ಮಹಡಿಯ ಹೂಕುಂಡದಲ್ಲಿ ಹೂತು, ಕೈ ತೊಳೆದು, ಮೊದಲಿನ ಅಂಗಡಿಗೆ ಹೋದ.

ಅಂಗಡಿಯವನು ಎಲ್ಲ ಕೇಳಿಸಿಕೊಂಡ. "ಮೀನು ಸಾಯೋಕೆ ಮುಂಚೆ ನೀರನ್ನ ಕೊಂದ್ರಿ ಸಾರ್. ಮೀನಿನ ಹೊಲಸು ತಿಂದು ನೀರು ಚೊಕ್ಕಟ ಮಾಡೋ ಸೂಕ್ಷ್ಮ ಜೀವಿಗಳು ಆ ಸ್ಪಂಜಲ್ಲಿ ಮನೆ ಮಾಡ್ತಾವೆ. ಅವು ಬರೋಕೇ ಮೂರು ವಾರ ಬೇಕು. ನೀವು ಬಂದಷ್ಟನ್ನೂ ಸೋಪು ಹಾಕಿ ತೊಳೆದ್ರಿ. ನಲ್ಲಿ ನೀರಲ್ಲಿ ಕ್ಲೋರಿನ್ ಬೇರೆ."

"ಈಗ?"

"ಈಗ ಏನೂ ಮಾಡ್ಬೇಡಿ. ಮೀನು ಇದೆ ಅಂದ್ಕೊಂಡು ದಿನಾ ಚಿಟಿಕೆ ಆಹಾರ ಹಾಕ್ತಾ ಇರಿ. ಅದೇ ಆ ಜೀವಿಗಳಿಗೂ ಊಟ."

ಮನೆಗೆ ಬಂದು ಹೇಳಿದಾಗ ಅತ್ತೆ ಪುಸ್ತಕದಿಂದ ತಲೆ ಎತ್ತಿದರು. ಅವರು ಮೂವತ್ತು ವರ್ಷ ಗ್ರಂಥಾಲಯ ನೋಡಿಕೊಂಡವರು. ಮುಟ್ಟಬೇಡಿ, ಮಾತಾಡಬೇಡಿ ಎಂದು ಹೇಳುವುದೇ ಅವರ ಉದ್ಯೋಗವಾಗಿತ್ತು. "ಏನೂ ಮಾಡಬಾರದು ಅಂದ್ರೆ ನನಗೆ ಬಿಡಿ" ಎಂದರು. ಆ ಮನೆಗೆ ಬಂದು ಹನ್ನೊಂದು ವರ್ಷವಾಗಿದ್ದರೂ ಅಳಿಯನೊಂದಿಗೆ ಅವರು ಊಟ, ಔಷಧಿ ದಾಟಿ ಮಾತಾಡಿದ್ದು ಕಡಿಮೆ.

ಅತ್ತೆ ತೊಟ್ಟಿಯ ಎದುರು ಕುರ್ಚಿ ಹಾಕಿಕೊಂಡರು. ಸಂಜೆ ಅವನೂ ಪಕ್ಕದಲ್ಲಿ ಕೂರತೊಡಗಿದ. ಅವನ ಕೈ ಫಿಲ್ಟರಿನ ಕಡೆ ಹೋದರೆ ಸುತ್ತಿದ ಪೇಪರಿನಿಂದ ಒಂದು ಏಟು ಬೀಳುತ್ತಿತ್ತು. ಒಮ್ಮೆ ಪಕ್ಕದ ಮನೆಯಾಕೆ ಬಂದು, ಬರಿ ನೀರಿಗೆ ಆಹಾರ ಹಾಕಿ ಅದನ್ನೇ ದಿಟ್ಟಿಸುತ್ತಿದ್ದ ಅತ್ತೆ ಅಳಿಯರನ್ನು ನೋಡಿದಳು.

"ಮೀನೆಲ್ಲಿ?"

"ಇನ್ನೂ ಬಂದಿಲ್ಲ" ಎಂದರು ಅತ್ತೆ.

ಆಕೆ ಸಕ್ಕರೆ ಕೇಳಲು ಬಂದಿದ್ದವಳು, ಕೇಳದೆಯೇ ಹೋದಳು.

ಎರಡನೆಯ ವಾರ ನೀರು ಮತ್ತೆ ಮಂಕಾಯಿತು. ಅವನು ಎರಡು ಸಲ ಎದ್ದು ಎರಡು ಸಲ ಕೂತ. ಆಗ ಅತ್ತೆ ನೀರಿನಿಂದ ಕಣ್ಣು ಕೀಳದೆಯೇ ಹೇಳಿದರು:

"ನಾನು ಬಂದ ವರ್ಷ ನನ್ನ ಒಂದು ಕುರ್ಚಿ ರಿಪೇರಿ ಮಾಡಿದ್ರಿ. ನೆನಪಿದ್ಯಾ?"

"ಕೀರಲು ಸದ್ದು ಮಾಡ್ತಿತ್ತು. ಎಣ್ಣೆ ಬಿಟ್ಟು, ಎರಡು ಸ್ಕ್ರೂ ಹಾಕ್ದೆ."

"ಅದು ನಿಮ್ಮ ಮಾವನವರ ಕುರ್ಚಿ. ಅವರು ಎದ್ರು ಅಂತ ಅಡುಗೆ ಮನೇಲಿ ನನಗೆ ಆ ಸದ್ದಲ್ಲೇ ಗೊತ್ತಾಗ್ತಿತ್ತು. ಅವರು ಹೋದ ಮೇಲೆ ನಾನೇ ಕೂತು ಎದ್ದು, ಕೂತು ಎದ್ದು ಕೇಳ್ತಿದ್ದೆ."

ಫಿಲ್ಟರಿನ ಗುಳ್ಳೆಗಳು ಏಳುತ್ತಿದ್ದವು. ಆ ದಿನ ಕುರ್ಚಿಯನ್ನು ತಂದುಕೊಟ್ಟಾಗ ಅತ್ತೆ "ಒಳ್ಳೇದಾಯ್ತು" ಎಂದಿದ್ದರು. ಅವನು ಅದನ್ನು ಮೆಚ್ಚುಗೆ ಎಂದೇ ತಿಳಿದು ಹನ್ನೊಂದು ವರ್ಷ ಕಳೆದಿದ್ದ.

"ಆಗ್ಲೇ ಹೇಳ್ಬಾರದಿತ್ತಾ ಅತ್ತೆ?"

"ನೀವು ಅಷ್ಟು ಖುಷಿಯಾಗಿದ್ರಿ."

ಅವನು ಮೆಲ್ಲಗೆ ಕೇಳಿದ. "ಸ್ಕ್ರೂ ಬಿಚ್ಚಿದ್ರೆ ಮತ್ತೆ ಸದ್ದು ಬರಬಹುದು. ಬಿಚ್ಚಲಾ?"

"ಬೇಡಪ್ಪಾ. ದಯವಿಟ್ಟು ಕೈ ಹಾಕ್ಬೇಡಿ" ಎಂದರು ಅತ್ತೆ. ಆಮೇಲೆ ಇಬ್ಬರಿಗೂ ನಗು ಬಂತು. ಅಡುಗೆ ಮನೆಯಿಂದ ಹೆಂಡತಿ ಇಣುಕಿ ನೋಡಿದಳು.

ಮೂರನೆಯ ವಾರ, ಯಾರೂ ಮುಟ್ಟದಿದ್ದರೂ, ನೀರು ತಾನಾಗಿಯೇ ತಿಳಿಯಾಯಿತು. ಅಂಗಡಿಯವನು ನೀರು ಪರೀಕ್ಷೆ ಮಾಡಿ, ನಾಲ್ಕೇ ನಾಲ್ಕು ಗಪ್ಪಿ, ಜೊತೆಗೆ ಒಂದು ನೀರುಗಿಡ ಕೊಟ್ಟ. ಹನ್ನೆರಡು ಕೇಳಲು ಹೋದವನು ಬಾಯಿ ಮುಚ್ಚಿಕೊಂಡ. ಈಗ ಆಹಾರದ ಡಬ್ಬಿ ಅತ್ತೆಯ ಸುಪರ್ದಿಯಲ್ಲಿದೆ. ವಾರಕ್ಕೊಮ್ಮೆ, ಕ್ಲೋರಿನ್ ಹೋಗಲೆಂದು ಒಂದು ದಿನ ಬಕೆಟ್ಟಿನಲ್ಲಿ ಇಟ್ಟ ನೀರಿನಿಂದ ಕಾಲು ಭಾಗ ಮಾತ್ರ ಬದಲಾಯಿಸುತ್ತಾರೆ. ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಹಿಂಡುತ್ತಾರೆ.

ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ಗಿಡದ ಮರೆಯಲ್ಲಿ ಕಣ್ಣಷ್ಟೇ ಕಾಣುವ ಮರಿಗಳು ಓಡಾಡುತ್ತಿದ್ದವು. ದೊಡ್ಡವು ನುಂಗದಂತೆ ಅತ್ತೆ ಇನ್ನಷ್ಟು ಗಿಡ ತರಿಸಿದರು. ಮೆಕ್ಯಾನಿಕ್ ಅಂದು ಕೆಲಸಕ್ಕೆ ಮುಕ್ಕಾಲು ಗಂಟೆ ತಡವಾಗಿ ಹೋದ. ಕಾರಣ ಕೇಳಿದರೆ, ಎಣಿಸುತ್ತಿದ್ದೆ ಎಂದ. ಅವನ ಲೆಕ್ಕಕ್ಕೆ ಹದಿನೇಳು. ಅತ್ತೆ ಹತ್ತೊಂಬತ್ತು ಎನ್ನುತ್ತಾರೆ.