ಅಪ್ಪನ ಹತ್ತಿರ ಹೇಳಲಾಗದ ಪದ

ಜರ್ಮನಿಗೆ ಬಂದ ಮೂರನೇ ದಿನ, ನಾನು ಬಾಡಿಗೆಗೆ ಹಿಡಿದ ಕೋಣೆಯ ಮಾಲೀಕರು, ಎಪ್ಪತ್ತು ದಾಟಿದವರು, ಕಾಫಿ ಬಗ್ಗಿಸುತ್ತಾ ಹರುಕು ಇಂಗ್ಲಿಷಿನಲ್ಲಿ ಮೂತ್ರಕೋಶದ ಕೆಳಗೆ ಗಂಡಸರಿಗಷ್ಟೇ ಇರುವ ಪ್ರಾಸ್ಟೇಟ್ ಗ್ರಂಥಿಯ ವಿಷಯ ತೆಗೆದರು. ಮೂತ್ರ ಎಷ್ಟು ಸಲ, ಹೇಗೆ, ಎಲ್ಲಾ. ಪಕ್ಕದಲ್ಲಿ ಅವರ ಸೊಸೆ ಆರಾಮವಾಗಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ನನಗೋ ಭೂಮಿ ಬಾಯಿಬಿಡಬಾರದೇ ಅನಿಸಿತು. ಅವರು ಹೋಗಿ ಬಂದದ್ದು ‘ಫೋರ್‌ಜೋರ್ಗೆ’ಗೆ, ಅಂದರೆ ಕಾಯಿಲೆ ಕಾಣಿಸುವ ಮೊದಲೇ ಮಾಡಿಸುವ ತಪಾಸಣೆಗೆ. ನಮ್ಮೂರು ಐವರ್ನಾಡಿನಲ್ಲಿ ನಾವು ಜ್ವರ ಬಂದರೂ ಮೂರು ದಿನ ಕಾಯುವವರು.

ನಾನು ಬಂದದ್ದೂ ಅದೇ ಗ್ರಂಥಿಯ ಮೇಲಿನ ಸಂಶೋಧನೆಗೆ. ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳೊಳಗೆ ‘ಬೆಳೆ’ ಎಂಬ ಸಂದೇಶ ಯಾವ ದಾರಿಯಲ್ಲಿ ಹೋಗುತ್ತದೆಂದು ನೋಡುವುದು. ಆ ಸಂದೇಶ ಕೊಡುವುದು ಗಂಡು ಹಾರ್ಮೋನು. ಅದನ್ನು ಔಷಧದಿಂದ ತಡೆದರೆ ಗಡ್ಡೆ ಕುಗ್ಗುತ್ತದೆ. ಎಲುಬಿಗೆ ಹರಡಿದ ಮೇಲೆ ಮಾತ್ರ ಆ ಔಷಧವನ್ನು ಪೂರ್ತಿ ನಂಬುವ ಹಾಗಿಲ್ಲ. ಕೆಲಕಾಲ ಕಳೆದರೆ ಕೋಶಗಳು ಹಾರ್ಮೋನಿನ ಹಂಗಿಲ್ಲದೆ ಬೇರೆ ದಾರಿ ಹುಡುಕಿಕೊಳ್ಳುತ್ತವೆ.

ಅಂಗಡಿಯಲ್ಲಿ ಅಕ್ಕಿ ಕೇಳಲು ತಡವರಿಸುವ ದಿನಗಳಲ್ಲೇ ಇಷ್ಟನ್ನೂ ಜರ್ಮನ್‌ನಲ್ಲಿ ಹೇಳಲು ಕಲಿತೆ. ಊರಿಗೆ ಫೋನು ಮಾಡಿದಾಗ ಅಪ್ಪನಿಗೆ ಹೇಳುತ್ತಿದ್ದದ್ದು ‘ಜೀವಕೋಶದ ಕೆಲಸ’ ಎಂದಷ್ಟೇ. ಅಪ್ಪನ ಎದುರು ‘ಪ್ರಾಸ್ಟೇಟ್’ ಎಂಬ ಪದ ಹೇಗೆ ಹೇಳುವುದು? ನಾಚಿಕೆ. ಜೀಪು ಓಡಿಸುವ ಅಪ್ಪನೂ ಒಂದು ವರ್ಷ ‘ಸೊಂಟ ನೋವು, ರೋಡು ಸರಿ ಇಲ್ಲ’ ಎಂದಷ್ಟೇ ಹೇಳಿದರು. ಎಣ್ಣೆ ಹಚ್ಚಿ ಎಂದೆ. ಇದೇ ಕೆಲಸ ಮಾಡುವ ನಾನು! ಬೆಂಕಿ ಬೀಳಲಿ ನನ್ನ ಓದಿಗೆ.

ಕಳೆದ ವಾರ ನನ್ನ ತಮ್ಮ ಮಂಗಳೂರಿನ ಆಸ್ಪತ್ರೆಯಿಂದ ಅಪ್ಪನ ಸ್ಕ್ಯಾನ್ ರಿಪೋರ್ಟಿನ ಫೋಟೋ ಕಳಿಸಿದ. ಪ್ರಾಸ್ಟೇಟ್ ಕ್ಯಾನ್ಸರ್, ಬೆನ್ನೆಲುಬಿನ ತುಂಬಾ ಹರಡಿದೆ. ಕೂಡಲೇ ಅಪ್ಪನಿಗೆ ಫೋನು ಮಾಡಿದೆ.

“ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ಅಪ್ಪ?”

“ಹೆಣ್ಣುಮಗಳ ಹತ್ರ ಹೇಳುವ ವಿಷಯವಾ ಅದು?”

ಆಗ ಮೊದಲ ಸಲ ಅಪ್ಪನ ಹತ್ತಿರ ಆ ಪದ ಆಡಿದೆ. ನನ್ನ ಕೆಲಸ ಏನೆಂದೂ ಹೇಳಿದೆ. ಇಂಜೆಕ್ಷನ್ ಕೊಟ್ಟರೆ ಹಾರ್ಮೋನಿನ ದಾರಿ ಮುಚ್ಚುತ್ತದೆ ಎಂದೆ.

“ಮುಚ್ಚಿದ್ರೆ ಅದು ಒಳದಾರಿ ಹಿಡೀಲಿಕ್ಕಿಲ್ವಾ ಮಾರಾಯ್ತಿ? ಗುಡ್ಡ ಜರಿದ್ರೆ ನಾನು ಜೀಪು ತಿರುಗಿಸುದಿಲ್ವಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಳು ಬಂತು.

“ಹಿಡೀತದೆ ಅಪ್ಪ. ಆದ್ರೆ ಸ್ವಲ್ಪ ಸಮಯ ಸಿಗ್ತದೆ. ನಾನು ಬರ್ತೇನೆ. ಡಾಕ್ಟರ ಹತ್ರ ನಾನೇ ಮಾತಾಡ್ತೇನೆ.”



“ಬಾ ಮಗಾ. ಆದ್ರೆ ಡಾಕ್ಟರು ನೋಡುವಾಗ ತಮ್ಮ ಒಳಗೆ ಬರ್ಲಿ. ನೀನು ಹೊರಗೆ ಕೂತ್ಕೊ.”

ಇಲ್ಲಿ ಗುರುತು ಪರಿಚಯವಿಲ್ಲದ ಗಂಡಸರ ಗಡ್ಡೆಯ ಚೂರುಗಳನ್ನು ನನ್ನನ್ನು ನಂಬಿ ಕೈಗೆ ಕೊಡುತ್ತಾರೆ. ಊರಿಗೆ ಟಿಕೆಟ್ ತೆಗೆದಿದ್ದೇನೆ, ಹೊರಗೆ ಕೂರಲಿಕ್ಕೆ.