ಅವ್ವ ಮುಚ್ಚಿಟ್ಟ ಬಾಟಲಿ

ಅಣ್ಣನ ಮೊಮ್ಮಗಳು ಆರ್ಟ್ ಕಾಲೇಜಿನಲ್ಲಿ ಓದುತ್ತಾಳೆ. ಕಳೆದ ಮಳೆಗಾಲ ನಮ್ಮೂರು ಕಕ್ಕಬೆಗೆ ಬಂದವಳು ನಮ್ಮ ಕಾಫಿ ಗೋಡೌನಿನ ಬೀಗದ ಕೈ ಕೇಳಿದಳು. ಕಾಫಿಯೆಲ್ಲ ಮಾರಿಹೋಗಿ ಅದು ಖಾಲಿ ಬಿದ್ದಿತ್ತು.

"ಅಲ್ಲಿ ಏನು ಮಾಡ್ತೀಯ?"

"ಇನ್‌ಸ್ಟಲೇಶನ್, ತಾಯಿ. ನಮ್ಮ ಫ್ಯಾಮಿಲಿ ಮೆಮೊರಿ ಬಗ್ಗೆ."

ನಮ್ಮಲ್ಲಿ ಅಜ್ಜಿಯನ್ನು ತಾಯಿ ಎಂದೇ ಕರೆಯುವುದು. ತನ್ನ ಸ್ವಂತ ಅಜ್ಜಿಯನ್ನೂ, ಅಂದರೆ ನನ್ನ ಅತ್ತಿಗೆಯನ್ನೂ, ನನ್ನನ್ನೂ ಅವಳು ಹಾಗೆಯೇ ಕರೆಯುತ್ತಾಳೆ. ಅವಳು ಒಮ್ಮೆ ಕೂಗಿದರೆ ಇಬ್ಬರು ಮುದುಕಿಯರು ಓಗೊಡುತ್ತೇವೆ. ಅತ್ತಿಗೆ ಮತ್ತು ನಾನು ಮಡಿಕೇರಿಯ ಕಾನ್ವೆಂಟಿನಲ್ಲಿ ಒಂದೇ ಬೆಂಚಿನವರು. ಅವಳು ಅಣ್ಣನನ್ನು ಮದುವೆಯಾಗುವುದಕ್ಕೆ ಎಷ್ಟೋ ಮೊದಲಿನ ಫ್ರೆಂಡ್‌ಶಿಪ್ಪು. ಹಾಗಾಗಿ ನಮ್ಮಿಬ್ಬರ ನಡುವೆ ಇಂದಿಗೂ ಮರ್ಯಾದೆಯ ಮಾತಿಲ್ಲ.

ಹುಡುಗಿಯ ಐಡಿಯಾ ಕಾಚಂಪುಳಿಯದ್ದು. ಕೊಡಗಿನ ಹೊರಗಿನವರಿಗೆ ಹೇಳಬೇಕೆಂದರೆ, ಅದು ನಮ್ಮ ಹಂದಿ ಸಾರಿಗೆ ಬೀಳುವ ಕಪ್ಪು ಹುಳಿ. ಮಳೆಗಾಲದಲ್ಲಿ ಮರದಡಿ ಉದುರಿದ ಹಣ್ಣನ್ನು ಬುಟ್ಟಿಗೆ ತುಂಬಿ, ಕೆಳಗೆ ಪಾತ್ರೆ ಇಡುತ್ತೇವೆ. ಹಣ್ಣು ಕೊಳೆತು ರಸ ತೊಟ್ಟಿಕ್ಕುತ್ತದೆ. ಅದನ್ನು ಸಣ್ಣ ಉರಿಯಲ್ಲಿ ಕಾಯಿಸಿ ಕಾಯಿಸಿ ಡಾಂಬರಿನಂತೆ ಇಳಿಸಿಕೊಂಡರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಂದೊಂದು ಮನೆಯದ್ದು ಒಂದೊಂದು ರುಚಿ. ನಮ್ಮ ಕುಟುಂಬದ ಎಲ್ಲ ಮನೆಗಳಿಂದ ಒಂದೊಂದು ಬಾಟಲಿ ತರಿಸಿ ಜೋಡಿಸುವುದು, ನಡುವೆ ಹಣ್ಣಿನ ಬುಟ್ಟಿಯನ್ನು ತೂಗುಹಾಕಿ ಹನಿ ಬೀಳುವ ಸದ್ದನ್ನು ಮೈಕಿನಲ್ಲಿ ಕೇಳಿಸುವುದು, ಇದು ಅವಳ ಯೋಜನೆ.

"ಮುತ್ತಜ್ಜಿ ಮಾಡಿದ್ದು ನಿಮ್ಮ ಹತ್ತಿರ ಉಂಟಂತಲ್ಲ? ಅದೇ ಸೆಂಟರ್‌ಪೀಸ್. ಪ್ಲೀಸ್, ತಾಯಿ."

ಉಂಟು. ಅವ್ವ ಹೋದ ಮೇಲೆ ಅವಳ ಅಡುಗೆಮನೆಯ ಅಟ್ಟ ತೆರವು ಮಾಡುವಾಗ, ಅಕ್ಕಿ ಡ್ರಮ್ಮಿನ ಹಿಂದೆ ಸಿಕ್ಕಿತ್ತು. ಬಾಯಿಗೆ ಬಟ್ಟೆ ಸುತ್ತಿ ಮೇಣ ಹಚ್ಚಿ ಭದ್ರವಾಗಿ ಮುಚ್ಚಿಟ್ಟಿದ್ದಳು. ಅವ್ವನ ಕಾಚಂಪುಳಿ ಎಂದರೆ ಊರಿಗೆಲ್ಲ ಹೆಸರು. ಅದರಲ್ಲೂ ಬೆಸ್ಟ್ ಆದದ್ದನ್ನು ಹೀಗೆ ಎತ್ತಿಟ್ಟಿದ್ದಾಳೆ, ನಾನು ಬಂದಾಗ ಕೊಡಲೆಂದೇ ಇಟ್ಟಿದ್ದಾಳೆ ಎಂದುಕೊಂಡೆ. ಮನೆಗೆ ತಂದು ಗಾಜಿನ ಅಲ್ಮೇರದಲ್ಲಿ ಬೋನ್ ಚೈನಾ ಟೀ ಸೆಟ್ಟಿನ ಪಕ್ಕ ಇಟ್ಟೆ. ಒಮ್ಮೆಯೂ ತೆರೆಯಲಿಲ್ಲ. ತೆರೆದರೆ ಮುಗಿಯುತ್ತದಲ್ಲ. ಅವ್ವನ ಕೈಯ ರುಚಿ ಈ ಲೋಕದಲ್ಲಿ ಇನ್ನೂ ಒಂದು ಬಾಟಲಿಯಷ್ಟು ಉಳಿದಿದೆ ಎನ್ನುವುದು ನನಗೆ ದೊಡ್ಡ ಕಂಫರ್ಟ್.

"ನೋಡೋಕೆ ಮಾತ್ರ. ಮುಚ್ಚಳ ಮುಟ್ಟಬಾರದು," ಎಂದು ಹೇಳಿಯೇ ಕೊಟ್ಟೆ.

ಪೊನ್ನಂಪೇಟೆಯಿಂದ, ಕುಟ್ಟದಿಂದ, ಎಲ್ಲ ಕಡೆಯಿಂದ ಬಾಟಲಿಗಳು ಬಂದವು. ರಮ್ಮಿನ ಬಾಟಲಿ, ಹಾರ್ಲಿಕ್ಸ್ ಬಾಟಲಿ, ಕೆಮ್ಮಿನ ಔಷಧಿಯದ್ದೂ ಒಂದು. ಹುಡುಗಿ ಗೋಡೆಯುದ್ದಕ್ಕೂ ಶೆಲ್ಫ್ ಹೊಡೆಸಿ, ಪ್ರತಿ ಬಾಟಲಿಯ ಹಿಂದೆ ಒಂದೊಂದು ಬಲ್ಬ್ ಕೂರಿಸಿದಳು. ಬೆಳಕು ಹಾದು ಬಂದಾಗ ಒಂದು ಕೆಂಪಗೆ, ಒಂದು ಜೇನಿನ ಬಣ್ಣಕ್ಕೆ ಹೊಳೆಯುತ್ತದೆ ಎಂದು ಲೆಕ್ಕ ಹಾಕಿದ್ದಳು ಪಾಪ. ಸ್ವಿಚ್ ಹಾಕಿದಳು. ಏನೂ ಇಲ್ಲ. ಎಲ್ಲವೂ ಒಂದೇ ಕಪ್ಪು, ಇಜ್ಜಲಿನ ಹಾಗೆ.

ಅತ್ತಿಗೆ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಕಾಚಂಪುಳಿಯ ಹಿಂದೆ ಲೈಟ್ ಇಟ್ಟವಳು ಇಡೀ ಕೊಡಗಿನಲ್ಲಿ ನೀನೊಬ್ಬಳೇ, ಕೂಸೇ."

ಹುಡುಗಿಯ ಕಣ್ಣಲ್ಲಿ ನೀರು. ಮರುದಿನ ಬೆಳಗ್ಗೆ ನೆಂಟರೆಲ್ಲ ನೋಡಲು ಬರುವವರಿದ್ದರು. "ಎಲ್ಲಾ ಒಂದೇ ಥರ ಕಾಣ್ತದೆ, ತಾಯಿ. ಯಾರದ್ದು ಯಾವುದು ಅಂತ ಹೇಗೆ ಗೊತ್ತಾಗೋದು?"

"ಅದನ್ನು ಕಣ್ಣಲ್ಲಿ ನೋಡೋರು ಯಾರು?" ಎಂದು ಅತ್ತಿಗೆ ಒಂದು ಬಾಟಲಿ ತೆರೆದು ಕಿರುಬೆರಳು ಅದ್ದಿ ನೆಕ್ಕಿದಳು. "ಇದು ಕುಟ್ಟದ ಮನೆಯದ್ದು. ಬೇಗ ಒಲೆಯಿಂದ ಇಳಿಸಿದ್ದಾರೆ, ತೆಳ್ಳಗುಂಟು. ಆ ಮನೆಯವರಿಗೆ ಯಾವಾಗಲೂ ಅರ್ಜೆಂಟು."

ಹುಡುಗಿ ಬಲ್ಬುಗಳನ್ನೆಲ್ಲ ಕಿತ್ತಳು. ಒಂದೊಂದು ಬಾಟಲಿಯ ಮುಂದೆ ಒಂದೊಂದು ಚಮಚ ಇಟ್ಟಳು. ಬಂದವರು ರುಚಿ ನೋಡಿ, ತಮ್ಮ ಮನೆಯದ್ದನ್ನು ತಾವೇ ಗುರುತಿಸಬೇಕು. ಬೆಳಗ್ಗೆ ಗೋಡೌನಿನಲ್ಲಿ ಗದ್ದಲವೋ ಗದ್ದಲ. ಹನಿಯ ಸದ್ದು ಕೇಳಿದವರೇ ಇಲ್ಲ. "ಇದು ನಮ್ಮದಲ್ಲ, ನಮ್ಮದು ಇಷ್ಟು ಕೆಟ್ಟದಾಗಿಲ್ಲ" ಎಂದ ಹೆಂಗಸಿನ ಬಾಟಲಿ ಅದೇ ಆಗಿತ್ತು.

ಅವ್ವನದ್ದು ಮಾತ್ರ ನಡುವಿನ ಸ್ಟೂಲಿನ ಮೇಲೆ, ಚಮಚವಿಲ್ಲದೆ. ಎಲ್ಲರೂ ಅದರ ಹತ್ತಿರ ಬಂದಾಗ ದನಿ ತಗ್ಗಿಸಿ, ಹಾಗೇ ಮುಂದೆ ಹೋಗುತ್ತಿದ್ದರು. ಸ್ವಲ್ಪ ಹೊತ್ತು ನನಗೆ ಅದು ಹೆಮ್ಮೆಯೇ ಅನ್ನಿಸಿತು. ಆಮೇಲೆ ಕಸಿವಿಸಿ. ಅವ್ವ ಜೀವಮಾನದಲ್ಲಿ ಯಾರನ್ನೂ ಏನೂ ತಿನ್ನಿಸದೆ ಕಳಿಸಿದವಳಲ್ಲ.

ಅತ್ತಿಗೆ ಪಕ್ಕಕ್ಕೆ ಬಂದು ನಿಂತಳು. "ಅತ್ತೆಯನ್ನು ಶೋಕೇಸಿನಲ್ಲಿ ಕೂರಿಸಿದ್ದೀಯಲ್ಲ, ಮಾರಾಯ್ತಿ. ಇದ್ದಿದ್ರೆ ನಿನಗೆ ಸೌಟಲ್ಲಿ ಬೀಳ್ತಿತ್ತು."

"ಮುಗಿದುಹೋದರೆ?"

"ಮುಗಿಯಲಿ. ನಾವೇನು ಇಲ್ಲೇ ಗೂಟ ಹೊಡ್ಕೊಂಡು ಇರ್ತೀವಾ? ನಾಳೆ ನಾವಿಬ್ಬರೂ ಹೋದ ಮೇಲೆ ಇದರ ರುಚಿ ನೋಡಿ ಇದು ಅವಳದ್ದೇ ಅಂತ ಹೇಳೋರು ಯಾರಿದ್ದಾರೆ?"

ಹುಡುಗಿಯಿಂದ ಚಾಕು ಇಸಿದುಕೊಂಡು ನಾನೇ ಮೇಣ ಕೆರೆದೆ. ಒಳಗಿನದು ಅಂಟಿನಂತೆ ಗಟ್ಟಿಯಾಗಿತ್ತು. ಚಮಚವನ್ನು ಬಿಸಿನೀರಿಗೆ ಅದ್ದಿ ಸ್ವಲ್ಪ ಕೆದಕಿ ತೆಗೆದೆ. ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದೆ.

ಕಹಿ. ಮೊದಲು ಹುಳಿ, ಅದರ ಬೆನ್ನಿಗೇ ಕರಕಲು ಕಹಿ.

ಚಮಚವನ್ನು ಅತ್ತಿಗೆಗೆ ಕೊಟ್ಟೆ. ನೆಕ್ಕಿದಳು. ನನ್ನ ಮುಖ ನೋಡಿದಳು. ಇನ್ನೊಮ್ಮೆ ನೆಕ್ಕಿದಳು.

"ಅಡಿ ಹಿಡಿಸಿದ್ದಾಳೆ!"

ಇಲ್ಲಿ ಒಂದು ಮಾತು ಹೇಳಬೇಕು. ಅತ್ತಿಗೆ ಮದುವೆಯಾಗಿ ಬಂದ ಮೊದಲ ಮಳೆಗಾಲ, ಒಲೆಯ ಮುಂದೆ ಕೂತು ನನಗೆ ಕಾಗದ ಬರೆಯುತ್ತಾ ಒಂದು ಪಾತ್ರೆ ಕಾಚಂಪುಳಿಯ ಅಡಿ ಹಿಡಿಸಿದ್ದಳು. ಅವ್ವ ಅದನ್ನು ಸಾಯುವವರೆಗೂ ಬಿಡಲಿಲ್ಲ. ಮದುವೆ ಮನೆ, ನಾಮಕರಣ, ಎಲ್ಲಿ ಹೋದರೂ, "ಕಾನ್ವೆಂಟಿನವರಿಗೆ ಇಂಗ್ಲಿಷು ಬರ್ತದೆ, ಉರಿ ತಗ್ಗಿಸೋಕೆ ಬರೋದಿಲ್ಲ. ನನ್ನ ಕೈಯಲ್ಲಿ ಒಮ್ಮೆಯಾದರೂ ಅಡಿ ಹಿಡಿದದ್ದುಂಟಾ?" ಎನ್ನುವಳು.

ಅತ್ತಿಗೆ ಕಾಫಿ ಮೂಟೆ ಪೇರಿಸುವ ಹಲಗೆ ಮೇಲೆ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಾನು ಅಳುತ್ತೇನೋ ಎಂದು ಹುಡುಗಿ ಹೆದರಿ ನಿಂತಿದ್ದಳು. ನನಗೂ ನಗು ತಡೆಯಲಾಗಲಿಲ್ಲ. ಅಕ್ಕಿ ಡ್ರಮ್ಮಿನ ಹಿಂದೆ, ಮೇಣ ಹಚ್ಚಿ! ನನಗೆಂದು ಎತ್ತಿಟ್ಟ ಗಿಫ್ಟ್ ಎಂದುಕೊಂಡಿದ್ದೆನಲ್ಲ, ಅದು ಸೊಸೆಗೆ ಸಿಗಬಾರದೆಂದು ಬಚ್ಚಿಟ್ಟ ಸಾಕ್ಷಿ.

ನಗು ನಿಂತ ಮೇಲೆ ಅತ್ತಿಗೆ ಕಣ್ಣೊರೆಸಿಕೊಂಡಳು. "ಪಾಪ. ಚೆಲ್ಲೋಕೆ ಮನಸ್ಸು ಬರಲಿಲ್ಲ ನೋಡು. ಕಡೆಕಡೆಗೆ ಒಲೆಯ ಮುಂದೆ ತೂಕಡಿಸ್ತಿದ್ದಳು. ನಾನು ಕೂತ್ಕೊಳ್ತೀನಿ ಅತ್ತೆ ಅಂದ್ರೆ ಕೇಳ್ತಿರಲಿಲ್ಲ." ಚಮಚವನ್ನು ಸೆರಗಿನಲ್ಲಿ ಒರೆಸಿದಳು. "ನನ್ನನ್ನು ಕರೀಬಹುದಿತ್ತು."

ಹುಡುಗಿ ಮೆಲ್ಲನೆ ಕೇಳಿದಳು, "ಇದನ್ನು ಇಲ್ಲಿಂದ ತೆಗೀಲಾ, ತಾಯಿ?"

ಇಬ್ಬರೂ ಒಟ್ಟಿಗೆ ಬೇಡ ಎಂದೆವು. ಅತ್ತಿಗೆ ಎದ್ದು ಹೋಗಿ, ಇದ್ದದ್ದರಲ್ಲಿ ದೊಡ್ಡ ಚಮಚ ತಂದು ಸ್ಟೂಲಿನ ಮೇಲೆ ಇಟ್ಟಳು. ಆಮೇಲೆ ಬಂದವರನ್ನೆಲ್ಲ ಅವಳೇ ಕೈ ಹಿಡಿದು ಕರೆತಂದಳು. "ಬನ್ನಿ, ನಮ್ಮ ಅತ್ತೆಯದ್ದು, ರುಚಿ ನೋಡಿ." ಅಡಿ ಹಿಡಿದ ವಿಷಯ ಒಬ್ಬರಿಗೂ ಹೇಳಲಿಲ್ಲ. ಮುಖ ಹಿಂಡಿದವರಿಗೆ, "ಹಳೇದಲ್ವಾ, ಹಾಗೇ ಇರ್ತದೆ," ಎಂದು ಸಮಾಧಾನ ಹೇಳಿದಳು.

ಸಂಜೆಯ ಹೊತ್ತಿಗೆ ಬಾಟಲಿ ಅರ್ಧವಾಗಿತ್ತು. ಈಗ ಅದು ಅಲ್ಮೇರದಲ್ಲಿಲ್ಲ, ನನ್ನ ಅಡುಗೆಮನೆಯಲ್ಲಿ ಉಪ್ಪಿನ ಜಾಡಿಯ ಪಕ್ಕ ಇದೆ. ಭಾನುವಾರ ಅತ್ತಿಗೆ ಬಂದರೆ ಹಂದಿ ಸಾರಿಗೆ ಒಂದು ಚಮಚ ಹಾಕುತ್ತೇನೆ. ಸಾರು ಸ್ವಲ್ಪ ಕಹಿ ಬರುತ್ತದೆ. ಅವಳು ಎರಡನೇ ಸಲವೂ ಬಡಿಸಿಕೊಳ್ಳುತ್ತಾಳೆ.